ಬೆಂಕಿಗುಡ್ಡದ ಬೂದಿಯಲ್ಲಿ ಪಾತ್ರೆ ತಿಕ್ಕಿದ್ದು

ಕ್ಲಾಂಗ್

ಬೂದಿಯಲ್ಲಿ ನನಗೆ ಗೊತ್ತಿದ್ದದ್ದು ಎರಡೇ ಜಾತಿ. ಒಂದು ಹಣೆಗೆ ಹಚ್ಚುವುದು, ಇನ್ನೊಂದು ಪಾತ್ರೆಗೆ ಹಚ್ಚುವುದು. ಮೂರನೆಯದೊಂದಿದೆ, ಅದು ಆಕಾಶದಿಂದ ಬೀಳುತ್ತದೆ ಎಂದು ತಿಳಿಯಲು ಅರವತ್ತೆಂಟು ವರ್ಷ ಬದುಕಿ, ಮಲೇಷ್ಯಾದ ತನಕ ಹೋಗಬೇಕಾಯಿತು.

ನಾನು ಹೋದದ್ದು ದೇಶ ನೋಡಲಿಕ್ಕಲ್ಲ, ಮಗಳ ಬಾಣಂತನಕ್ಕೆ. ಮಗಳು ಸುನಂದಾ, ಅವಳ ಗಂಡ ಮಹೇಶ, ಏಳು ವರ್ಷದ ಮೊಮ್ಮಗಳು ತನ್ವಿ ಇರುವುದು ಕ್ಲಾಂಗ್‌ನಲ್ಲಿ. ಅದು ಬಂದರಿನ ಊರು. ಹಡಗಿಗೆ ಏರುವ ಕಬ್ಬಿಣದ ದೊಡ್ಡ ಪೆಟ್ಟಿಗೆಗಳಿರುತ್ತವಲ್ಲ, ಅವು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ನೋಡುವುದು ಅಳಿಯನ ಕೆಲಸ. ತನ್ವಿ ಹುಟ್ಟಿದಾಗ ನಮ್ಮವರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಬರಲಾಗಲಿಲ್ಲ. ಚೊಚ್ಚಲ ಬಾಣಂತನ ತಾಯಿ ಮಾಡಲಿಲ್ಲ ಎಂದು ನಮ್ಮ ರೋಣದ ಜನ ಆಡಿಕೊಂಡದ್ದಿರಲಿ, ನನಗೇ ಅದು ಏಳು ವರ್ಷ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ನಮ್ಮವರು ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಮೈದುನನ ಮಗನಿಗೆ ಒಪ್ಪಿಸಿದೆ. ಈ ಎರಡನೆಯ ಕೂಸಿಗೆ ಮನೆಯಲ್ಲಿ ಮೊದಲ ನೀರು ಹಾಕುವುದು ನಾನೇ ಎಂದು ಹಟ ಹಿಡಿದು ವಿಮಾನ ಹತ್ತಿದೆ. ಚೀಲದ ತುಂಬ ಅಂಟು, ಅಳವಿ, ಒಣಶುಂಠಿ, ಬಜೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಬಜೆಬೇರನ್ನು ಮೂಗಿನ ಹತ್ತಿರ ಹಿಡಿದು ಮೂರು ಸಲ ಸೀನಿದ. ಆಮೇಲೆ ಏನೂ ಕೇಳದೆ ಬಿಟ್ಟ.

ಮಗಳ ಪಕ್ಕದ ಮನೆಯಲ್ಲಿ ರೊಹಾನಿ ಎಂಬ ಮಲಯ್ ಹೆಂಗಸಿದ್ದಾಳೆ. ಎಲ್ಲರೂ ಕಾಕ್ ರೊಹಾನಿ ಎನ್ನುತ್ತಾರೆ. ಕಾಕ್ ಅಂದರೆ ಅಕ್ಕ. ನಾನು ಬಂದ ಎರಡನೆಯ ದಿನ ಅವಳು ಒಂದು ಉದ್ದನೆಯ ಬಟ್ಟೆ, ಒಂದು ಗುಂಡುಕಲ್ಲು ಹಿಡಿದುಕೊಂಡು ಬಂದಳು. ಬಟ್ಟೆ ಬಾಣಂತಿಯ ಹೊಟ್ಟೆ ಬಿಗಿಯಲಿಕ್ಕೆ, ಕಲ್ಲು ಕಾಯಿಸಿ ಶಾಖ ಕೊಡಲಿಕ್ಕೆ.

“ಅವ್ವಾ, ಇಕಿ ಅಗದೀ ಚಲೋ ಬಾಣಂತನ ಮಾಡ್ತಾಳ,” ಎಂದಳು ಸುನಂದಾ. “ತನ್ವಿ ಹೊತ್ತಿನ್ಯಾಗ ನನ್ನ ಇಕಿನ ನೋಡ್ಕೊಂಡಾಕಿ.”

“ಈಗ ನಾ ಬಂದೇನಲ್ಲ. ಮತ್ತೊಬ್ಬರ ಕೈ ಯಾಕ ಬೇಕು?” ಎಂದೆ.

ರೊಹಾನಿಗೆ ಕನ್ನಡ ಬರುವುದಿಲ್ಲ. ಆದರೆ ಮುಖ ಓದಲು ಶಾಲೆ ಬೇಕಿಲ್ಲವಲ್ಲ. ನಕ್ಕಳು. ಬಟ್ಟೆ, ಕಲ್ಲು ಎರಡನ್ನೂ ಚಪ್ಪಲಿ ಗೂಡಿನ ಮೇಲಿಟ್ಟು ಹೋದಳು. ಬೇಡವೆಂದಮೇಲೆ ತೆಗೆದುಕೊಂಡು ಹೋಗಬಾರದೇ ಎಂದು ನಾನು ಗೊಣಗಿದೆ.

ಹೆರಿಗೆಗೆ ಇನ್ನೂ ಮೂರು ವಾರವಿದೆ ಎಂದು ಡಾಕ್ಟರು ಹೇಳಿದ್ದರು. ಆ ಹೊತ್ತಿಗೆ ಅಳಿಯನಿಗೆ ತವಾವ್ ಎಂಬ ಊರಲ್ಲಿ ಎರಡು ದಿನದ ಕೆಲಸ ಬಂತು. ಸಮುದ್ರದಾಚೆ, ಮಲೇಷ್ಯಾದ್ದೇ ಇನ್ನೊಂದು ತುಂಡು ನೆಲದ ತುದಿಯಲ್ಲಿದೆ ಅದು. ನಾನೂ ಹೋಗಿ ಬರಬೇಕೆಂದು ಸುನಂದಾ ಬೆನ್ನು ಹತ್ತಿದಳು. ಕೂಸು ಬಂದ ಮೇಲೆ ನಾನು ಅಡುಗೆಮನೆ ಬಿಟ್ಟು ಅಲ್ಲಾಡುವುದಿಲ್ಲವಂತೆ. ಎರಡು ದಿನ ತನ್ನನ್ನು ರೊಹಾನಿ ನೋಡಿಕೊಳ್ಳುತ್ತಾಳಂತೆ.

“ಅಳ್ಯಾನ ಜೋಡಿ ಒಬ್ಬಾಕೀನ ಹೋಗಿ ಏನ್ ಮಾತಾಡ್ಲಿ?”

“ಮಾತಾಡಬ್ಯಾಡ. ಊರ ನೋಡು.”

ಮಗಳ ಮದುವೆಯಾಗಿ ಹತ್ತು ವರ್ಷವಾದರೂ ನಾನೂ ಅಳಿಯನೂ ಆಡಿದ ಮಾತು “ಆರಾಮ ಅದೀರಿ?”, “ಆರಾಮ” ಅಷ್ಟೇ. ನಮ್ಮ ಕಡೆ ಅತ್ತೆ ಅಳಿಯನೆದುರು ಸೆರಗು ಹೊದ್ದು ದೂರ ಕೂರುತ್ತಾಳೆ. ಅವರು ಮೈಸೂರಿನವರು, ಅವರಲ್ಲಿ ಹಾಗಿಲ್ಲ. ಆದರೂ ನನ್ನನ್ನು ನೋಡಿ ನೋಡಿ ಅವರೂ ನಾಚಿಕೆ ಕಲಿತಿದ್ದರು. ವಿಮಾನದಲ್ಲಿ ನಮ್ಮಿಬ್ಬರ ನಡುವೆ ಮರ್ಯಾದೆಗೆ ಒಂದು ಸೀಟು ಖಾಲಿ ಬಿಟ್ಟರು. ಅಲ್ಲಿ ಒಬ್ಬ ದಪ್ಪ ಮನುಷ್ಯ ಬಂದು ಕೂತು, ಒಮ್ಮೆ ಅವರ ಭುಜದ ಮೇಲೆ, ಒಮ್ಮೆ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ.

ತವಾವ್, ಮೊದಲ ದಿನ

ಉಳಿದುಕೊಂಡದ್ದು ಹೋಟೆಲಲ್ಲಲ್ಲ. ಹಲೀಮಾ ಎಂಬ ಹೆಂಗಸಿನ ಮನೆಯ ಒಂದು ಪಾಲಿನಲ್ಲಿ. ಕಂಬದ ಮೇಲೆ ನಿಲ್ಲಿಸಿದ ಮರದ ಮನೆ, ತಗಡಿನ ಮಾಡು, ಎದುರಿಗೆ ಸಮುದ್ರ. ಎಲ್ಲರೂ ಅವಳನ್ನು ಮಕ್ಚಿಕ್ ಎನ್ನುತ್ತಾರೆ. ಚಿಕ್ಕಮ್ಮ ಎಂದು ಅರ್ಥವಂತೆ. ನನ್ನ ವಾರಿಗೆಯವಳು ನನಗೆ ಯಾವ ಲೆಕ್ಕದ ಚಿಕ್ಕಮ್ಮ? ನಾನು ಹಲೀಮಾ ಎಂದೇ ಕರೆದೆ.

ಅವಳಿಗೆ ಹಿಂದಿ ಬರುತ್ತದೆ ಎಂದು ಅಳಿಯ ಹೇಳಿದ್ದರಿಂದ ನನಗೆ ಧೈರ್ಯವಿತ್ತು. ನನಗೂ ಗಿರಣಿಗೆ ಬರುವ ಸಾಬರ ಮನೆಯವರೊಡನೆ ಆಡುವಷ್ಟು ಬರುತ್ತದೆ. ಆದರೆ ಅವಳದು ಸಿನಿಮಾ ನೋಡಿ ಕಲಿತ ಹಿಂದಿ. ನನ್ನ ಎರಡೂ ಕೈ ಹಿಡಿದು, ನೀನಿಲ್ಲದೆ ನಾನು ಬದುಕಲಾರೆ ಎಂದಳು. ಒಂದು ಲೋಟ ಚಹಾ ಕೊಡು ಸಾಕು ಎಂದೆ.

ನಾನು ಮೀನು, ಮಾಂಸ ಮುಟ್ಟುವವಳಲ್ಲ. ಅಲ್ಲಿ ಗಾಳಿಯೇ ಮೀನು. ಅದನ್ನು ಕೇಳಿ ಹಲೀಮಾ ಹಿತ್ತಲ ಒಲೆಯನ್ನು ನನಗೆ ಬಿಟ್ಟುಕೊಟ್ಟಳು. ಕನ್ನಡಿಯಂಥ ಒಂದು ಸ್ಟೀಲಿನ ಪಾತ್ರೆ, ಅದರ ಗಾಜಿನ ಮುಚ್ಚಳ, ಎರಡನ್ನೂ ಕೊಟ್ಟಳು. ಅವಳ ಮಗಳ ಮದುವೆಯಲ್ಲಿ ಬಂದದ್ದಂತೆ. ನೆಂಟರು ಬಂದಾಗ ಮಾತ್ರ ತೆಗೆಯುತ್ತಾಳಂತೆ.

ಸಂಜೆ ಅವಳ ಜೊತೆ ಸಂತೆಗೆ ಹೋದೆ. ತರಕಾರಿಯ ಕಡೆ ಬೊಟ್ಟು ಮಾಡಿ ತೋರಿಸಿದರೆ ಮಾರುವವಳ ಮುಖ ಗಂಟಾಯಿತು. ಹಲೀಮಾ ನನ್ನ ತೋರುಬೆರಳನ್ನು ಮಡಚಿ, ಹೆಬ್ಬೆರಳನ್ನು ಹೊರಗೆಳೆದು, ಹೀಗೆ ತೋರಿಸು ಎಂದಳು. ತೋರುಬೆರಳು ಅವರಲ್ಲಿ ಅಮರ್ಯಾದೆ. ನಮ್ಮಲ್ಲಿ ಹೆಬ್ಬೆರಳು ತೋರಿಸಿದರೆ ‘ಏನೂ ಇಲ್ಲ, ಹೋಗು’ ಎಂದಂತೆ. ನಾನು ಇಡೀ ಸಂತೆಗೆ ‘ಏನೂ ಇಲ್ಲ, ಹೋಗು’ ಎಂದು ತೋರಿಸುತ್ತ ನಡೆದೆ, ಎಲ್ಲರೂ ನಗುನಗುತ್ತ ತೂಗಿ ಕೊಟ್ಟರು.

ಎರಡನೆಯ ದಿನ

ಬೆಳಿಗ್ಗೆ ಎದ್ದರೆ ಕಡ್ಡಿಪೆಟ್ಟಿಗೆ ಗೀರಿದ ವಾಸನೆ. ಸೂರ್ಯ ಬಂದಿದ್ದ, ಆದರೆ ತೊಳೆಯದ ತಾಮ್ರದ ತಟ್ಟೆಯ ಹಾಗೆ, ಕಣ್ಣಿಟ್ಟು ನೋಡಬಹುದಾಗಿತ್ತು. ಮೆಟ್ಟಿಲ ಮೇಲೆ, ಬಾಳೆ ಎಲೆಯ ಮೇಲೆ, ಕಾರಿನ ಮೇಲೆ ಬೂದುಬಣ್ಣದ ತೆಳು ಹಿಟ್ಟು. ಹತ್ತಿರ ಯಾವುದೋ ಗಿರಣಿ ಇರಬೇಕು ಎಂದುಕೊಂಡೆ. ಮೂವತ್ತು ವರ್ಷ ಗಿರಣಿ ನಡೆಸಿದವಳು ನಾನು. ಕಣ್ಣು ಮುಚ್ಚಿ ಬೆರಳಲ್ಲಿ ಉಜ್ಜಿದರೆ ಜೋಳವೋ ಗೋಧಿಯೋ ಕಡಲೆಯೋ ಹೇಳುತ್ತೇನೆ. ಉಜ್ಜಿ ನೋಡಿದೆ. ಯಾವ ಕಾಳಿನದೂ ಅಲ್ಲ. ಬೂದಿ. ಸ್ವಲ್ಪ ತರಿ.

ಅಷ್ಟರಲ್ಲಿ ಅಳಿಯ ಫೋನು ಹಿಡಿದುಕೊಂಡು ಬಂದರು.

“ಅತ್ತೆ, ಆಚೆ ದೇಶದಲ್ಲಿ ಒಂದು ಜ್ವಾಲಾಮುಖಿ ಸಿಡಿದಿದೆಯಂತೆ. ಬೂದಿ ಇಲ್ಲೀವರೆಗೂ ಬಂದಿದೆ. ಫ್ಲೈಟೆಲ್ಲ ಕ್ಯಾನ್ಸಲ್.”

“ಎಷ್ಟು ದೂರದ್ದು?”

“ಬಹಳ ದೂರ. ನಿಮ್ಮೂರಿಂದ ಮುಂಬೈ ಇದೆಯಲ್ಲ, ಅದಕ್ಕಿಂತ ದೂರ.”

ಅಷ್ಟು ದೂರದ ಗುಡ್ಡ ಕೆಮ್ಮಿದರೆ ಇಲ್ಲಿ ವಿಮಾನ ಯಾಕೆ ನಿಲ್ಲಬೇಕು ಎಂದು ನನಗೆ ತಿಳಿಯಲಿಲ್ಲ.

“ಹಂಗಾದ್ರ ಬಸ್ಸಿಗೆ ಹೋಗೂಣ್ರಿ.”

“ಮಧ್ಯೆ ಸಮುದ್ರ ಇದೆ ಅತ್ತೆ.”

ಅದು ನನಗೆ ಮರೆತೇ ಹೋಗಿತ್ತು. ಹತ್ತು ವರ್ಷದಲ್ಲಿ ನಾವು ಆಡಿದ ಅತಿ ದೊಡ್ಡ ಸಂಭಾಷಣೆ ಇದು.

ಹಲೀಮಾಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಕಿಟಕಿ ಮುಚ್ಚಿದಳು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದಳು, ನೀರಿನ ಡ್ರಮ್ಮಿಗೆ ಎರಡೆರಡು ಮುಚ್ಚಳ ಹಾಕಿದಳು, ನನ್ನ ಮೂಗಿಗೂ ಅಳಿಯನ ಮೂಗಿಗೂ ಒಂದೊಂದು ಮಾಸ್ಕು ಕಟ್ಟಿದಳು. ಪಟಪಟನೆ, ದಿನಾ ಮಾಡುವ ಕೆಲಸದ ಹಾಗೆ. ಆದರೆ ಬಾಯಿಯಲ್ಲಿ ಸಿನಿಮಾದ ಹಿಂದಿ ಇರಲಿಲ್ಲ. ಮಧ್ಯಾಹ್ನ ತಮ್ಮನ ಮನೆಗೆ ಹೋಗಿ ಬರುತ್ತೇನೆ ಎಂದು ಹೊರಟಳು.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ. ಉಪಕಾರಕ್ಕೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಕೊಟ್ಟ ಪಾತ್ರೆಯಲ್ಲಿ ನನಗೆ ಮೀನಿನ ವಾಸನೆ ಬಡಿಯುತ್ತಿತ್ತು. ಸಾಬೂನು ಹಾಕಿ ಎರಡು ಸಲ ತೊಳೆದಿದ್ದೆ, ಹೋಗಿರಲಿಲ್ಲ. ಬಹುಶಃ ವಾಸನೆ ನನ್ನ ತಲೆಯಲ್ಲಿತ್ತು. ಎದುರಿಗೆ ನೋಡಿದರೆ ದೇವರೇ ಆಕಾಶದಿಂದ ಬೂದಿ ಸುರಿಸಿದ್ದಾನೆ, ಯಾರೂ ಅದನ್ನು ಕೆಲಸಕ್ಕೆ ಹಚ್ಚುತ್ತಿಲ್ಲ. ಬಾಳೆ ಎಲೆಯಿಂದ, ಕಾರಿನ ಮೇಲಿಂದ ಬಳಿದು ಒಂದು ಕರಟದ ತುಂಬ ಮಾಡಿಕೊಂಡೆ. ತೆಂಗಿನ ನಾರು ತೊಯಿಸಿ, ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಪಾತ್ರೆಯನ್ನೂ ಗಾಜಿನ ಮುಚ್ಚಳವನ್ನೂ ತಿಕ್ಕಿದೆ. ಮೂಲೆಗೆ ನಾರು ಹೋಗದಿದ್ದಾಗ ಬೆರಳಲ್ಲೇ ತಿಕ್ಕಿದೆ. ಬೆರಳು ಚುರುಗುಟ್ಟಿತು. ಒಳ್ಳೆಯ ಖಾರದ ಬೂದಿ ಎಂದು ಇನ್ನಷ್ಟು ತಿಕ್ಕಿದೆ.

ನೀರು ಹಾಕಿ ನೋಡುತ್ತೇನೆ, ಪಾತ್ರೆಯ ತುಂಬ ಬೆಕ್ಕು ಪರಚಿದ ಹಾಗೆ ಗೀರು. ಮುಚ್ಚಳಕ್ಕೆ ಕಣ್ಣಿನ ಪೊರೆ ಬಂದಿತ್ತು. ಆಮೇಲೆ ಕೈ ನೋಡಿಕೊಂಡೆ. ಹತ್ತೂ ಬೆರಳ ತುದಿಯ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು.

ಹಲೀಮಾ ಆ ಹೊತ್ತಿಗೇ ಬಂದಳು. ಬೈಯುತ್ತಾಳೆ, ಬೈಯಲಿ ಎಂದು ಪಾತ್ರೆಯನ್ನು ಮುಂದೆ ಹಿಡಿದೆ. ಅವಳು ಅದನ್ನು ನೋಡಲೇ ಇಲ್ಲ. ನನ್ನ ಎರಡೂ ಕೈ ಎಳೆದು ನಲ್ಲಿಯ ಕೆಳಗೆ ಹಿಡಿದಳು. ಬಹಳ ಹೊತ್ತು ನೀರು ಬಿಟ್ಟಳು. ಒರೆಸದೆ ಹಾಗೇ ಗಾಳಿಗೆ ಆರಿಸಿ, ಕೊಬ್ಬರಿ ಎಣ್ಣೆ ಸವರಿ, ಹಳೆಯ ಮೆತ್ತನೆ ಬಟ್ಟೆ ಸುತ್ತಿದಳು. ಆಮೇಲೆ ಅಳಿಯನನ್ನು ಕರೆದು, ಮಲಯ್ ಭಾಷೆಯಲ್ಲಿ ಹೇಳುತ್ತ ಹೋದಳು. ಅಳಿಯ ಅದನ್ನು ಕನ್ನಡ ಮಾಡಿದರು.

ಇದು ಕಟ್ಟಿಗೆ ಸುಟ್ಟ ಬೂದಿಯಲ್ಲವಂತೆ. ಕಲ್ಲು ಕರಗಿ ಸಿಡಿದು ಪುಡಿಯಾದದ್ದು. ಗಾಜಿನ ಪುಡಿಯೆಂದೇ ತಿಳಿಯಬೇಕು. ಅವಳು ಹುಟ್ಟಿದ್ದು ಆಚೆಯ ದೇಶದಲ್ಲಿ, ಇಂಥದೇ ಒಂದು ಗುಡ್ಡದ ಕಾಲಬುಡದಲ್ಲಿ. ಹನ್ನೊಂದು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಗುಡ್ಡ ಒಡೆಯಿತು. ಹಗಲೇ ದೀಪ ಹಚ್ಚಿದರು. ಮೊದಲು ಬೂದಿ ಬಿತ್ತು, ಆಮೇಲೆ ಮಳೆ. ಒಣಗಿದ್ದಾಗ ಹಿಟ್ಟು, ತೊಯ್ದ ಮೇಲೆ ಸಿಮೆಂಟು. ಮಾಡಿನ ಭಾರ ಇಳಿಸಲು ಅವಳ ಅಪ್ಪ ಸಲಿಕೆ ಹಿಡಿದು ಮೇಲೆ ಹತ್ತಿದ. ಮಾಡು ಅವನ ಸಮೇತ ಕುಸಿಯಿತು.

ನಾನು ಮುಂದೆ ಏನು ಎಂದು ಕೇಳಿದೆ. ಕೇಳಬೇಕಲ್ಲ, ಹೇಳುವವಳು ಹೇಳುತ್ತಿದ್ದಾಳೆ.

ಅವಳ ಅವ್ವ ತುಂಬಿದ ಬಸುರಿ. ಮಗಳ ಕೈ ಹಿಡಿದು, ಸಿಕ್ಕ ದೋಣಿ ಹತ್ತಿದಳು. ನಡುನೀರಿನಲ್ಲಿ ಬೇನೆ ಶುರುವಾಯಿತು. ಇಲ್ಲಿಂದ ಮುಂದೆ ಅಳಿಯನ ಕಿವಿ ಕೆಂಪಾಯಿತು. ಹಲೀಮಾ ಏನನ್ನೂ ಬಿಡದೆ, ಕೈಯಲ್ಲಿ ಮಾಡಿ ತೋರಿಸುತ್ತ ಹೇಳುತ್ತಿದ್ದಳು. ಅಳಿಯ ಒಂದು ವಾಕ್ಯ ಹೇಳಿ, ಎರಡು ನುಂಗಿ, ನೆಲ ನೋಡುತ್ತಿದ್ದರು.

“ಎಲ್ಲಾ ಹೇಳ್ರಿ,” ಎಂದೆ. “ಎರಡನೇ ಕೂಸಿನ ಅಪ್ಪ ಆಗಾವ್ರು, ನಾಚಿಕಿ ಏನು?”

ಅವರು ನಕ್ಕುಬಿಟ್ಟರು. ಆಮೇಲೆ ಎಲ್ಲ ಹೇಳಿದರು. ದೋಣಿಯಲ್ಲಿ ಪರಿಚಯದವರು ಯಾರೂ ಇರಲಿಲ್ಲ. ಮೀನು ಮಾರುವ ಒಬ್ಬ ಹೆಂಗಸಿದ್ದಳು, ಬೇರೆ ದ್ವೀಪದವಳು, ಬೇರೆ ಧರ್ಮದವಳು. ಅವಳೇ ಹೊದ್ದ ಬಟ್ಟೆ ತೆಗೆದು ಹಾಸಿದಳು, ಮೀನಿನ ಚಾಕುವನ್ನು ದೀಪದಲ್ಲಿ ಕಾಯಿಸಿ ಹೊಕ್ಕುಳಬಳ್ಳಿ ಕೊಯ್ದಳು. ಹಲೀಮಾ ಅವ್ವನ ಮುಖದ ಮೇಲೆ ಬೂದಿ ಬೀಳದಂತೆ ಬಟ್ಟೆ ಹಿಡಿದು ಕೂತಿದ್ದಳು. ಗಂಡುಕೂಸು. ದಡ ಮುಟ್ಟಿದ ಮೇಲೆ ಆ ಹೆಂಗಸು ಯಾವ ಕಡೆ ಹೋದಳೋ ಗೊತ್ತಿಲ್ಲ, ಹೆಸರೂ ಕೇಳಿಕೊಳ್ಳಲಿಲ್ಲ.

ಕೂಸಿಗೆ ಏನು ಹೆಸರಿಟ್ಟಿರಿ ಎಂದೆ.

“ಸಮುದ್ರ,” ಎಂದಳು. ನಮ್ಮದೇ ಸಮುದ್ರ. ಅದನ್ನು ಅಳಿಯ ಕನ್ನಡ ಮಾಡಬೇಕಾಗಲಿಲ್ಲ.

ಆ ರಾತ್ರಿ ಗೀರು ಬಿದ್ದ ಪಾತ್ರೆಯಲ್ಲೇ ಅನ್ನ ಮಾಡಿ ನನಗೆ ಬಡಿಸಿದವಳು ಹಲೀಮಾ. ನನ್ನ ಕೈಗೆ ಬಟ್ಟೆ ಸುತ್ತಿದ್ದರಿಂದ ಚಮಚದಲ್ಲಿ ಉಂಡೆ. ಮೀನಿನ ವಾಸನೆ ಬರಲಿಲ್ಲ.

ಮೂರನೆಯ ದಿನ, ದಾರಿಯಲ್ಲಿ

ನಸುಕಿನಲ್ಲಿ ಫೋನು ಬಂತು. ತನ್ವಿ. ಮನೆಯ ಮಾತೆಲ್ಲ ತಿಳಿಯುತ್ತದೆ ಆ ಹುಡುಗಿಗೆ, ಬಾಯಿ ಬಿಟ್ಟರೆ ಇಂಗ್ಲಿಷು, ಕೊನೆಗೆ ಅಲ್ಲಿಯವರ ಹಾಗೆ ಒಂದು ‘ಲಾ’.

“ಅಜ್ಜಿ, ಮಮ್ಮಿ ವೆಂಟ್ ಟು ಹಾಸ್ಪಿಟಲ್ ವಿತ್ ಕಾಕ್ ರೊಹಾನಿ. ಡೋಂಟ್ ವರಿ ಲಾ.”

ಹಾಸ್ಪಿಟಲ್ ಎನ್ನುವುದು ನನಗೂ ತಿಳಿಯುತ್ತದೆ. ಉಳಿದದ್ದನ್ನು ಅಳಿಯ ಫೋನು ತೆಗೆದುಕೊಂಡು ಕೇಳಿ ಹೇಳಿದರು. ನೀರೊಡೆದಿದೆ, ಮೂರು ವಾರ ಮೊದಲೇ. ರೊಹಾನಿ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗಿದ್ದಾಳೆ. ತನ್ವಿಯನ್ನು ರೊಹಾನಿಯ ಗಂಡ ನೋಡಿಕೊಳ್ಳುತ್ತಿದ್ದಾನೆ. ಅಳಿಯ ಬಿಳಿಚಿಕೊಂಡಿದ್ದರು. ತವಾವಿನ ವಿಮಾನ ಇನ್ನೂ ಇಲ್ಲ. ಕೋಟಾ ಕಿನಾಬಾಲು ಎಂಬ ದೊಡ್ಡ ಊರಿನಿಂದ ಮರುದಿನ ಹೊರಡಬಹುದು ಎಂಬ ಸುದ್ದಿ. ಅದು ಅದೇ ನೆಲದ ಇನ್ನೊಂದು ತುದಿ, ಕಾರಿನಲ್ಲಿ ಇಡೀ ದಿನದ ದಾರಿ.

ಹಲೀಮಾ ಪ್ರಾರ್ಥನೆ ಮುಗಿಸಿ ಬಂದು ವಿಷಯ ಕೇಳಿದಳು. ಫೋನು ಮಾಡಿದಳು. ಹತ್ತು ನಿಮಿಷಕ್ಕೆ ಅವಳ ತಮ್ಮ ಕಾರು ತಂದು ನಿಲ್ಲಿಸಿದ. ಐವತ್ತೈದು ದಾಟಿದ ಮನುಷ್ಯ, ತಲೆ ಬೋಳು, ಹೊಟ್ಟೆ ಮುಂದು. ದೋಣಿಯಲ್ಲಿ ಹುಟ್ಟಿದ ಕೂಸು ಇದೇ. ಟ್ಯಾಕ್ಸಿ ಓಡಿಸುತ್ತಾನೆ. ಅಷ್ಟು ದೂರ ಹೋಗಿ ಒಬ್ಬನೇ ತಿರುಗಿ ಬರಬೇಕಲ್ಲ ಎಂದು ಅಳಿಯ ಸಂಕೋಚಪಟ್ಟರು. ಅವನು ಏನೋ ಹೇಳಿದ. ಅಳಿಯ ನನ್ನ ಕಡೆ ತಿರುಗಿದರು.

“ಹುಟ್ಟೋ ಮಗು ಇರೋ ಕಡೆ ಹೋಗೋವ್ರಿಗೆ ಇಲ್ಲ ಅಂದ್ರೆ, ಅಕ್ಕ ನನ್ನನ್ನ ವಾಪಸ್ ದೋಣಿಗೆ ಹಾಕ್ತಾಳೆ ಅಂತಿದ್ದಾನೆ ಅತ್ತೆ.”

ಥ್ಯಾಂಕ್ಸ್ ಹೇಳುವ ರೂಢಿ ನಮ್ಮಲ್ಲಿಲ್ಲ. ಉಂಡ ಮನೆಯ ಎಲೆ ಎತ್ತಿದರೆ ಅದೇ ಥ್ಯಾಂಕ್ಸು. ಎಲೆ ಎತ್ತಲು ನನಗೆ ಕೈ ಇರಲಿಲ್ಲ. ಬಾಣಂತಿಗೆಂದು ಊರಿಂದ ತಂದ ಅಂಟಿನ ಉಂಡೆ ನಾಲ್ಕು ಚೀಲದಲ್ಲಿದ್ದವು, ದಾರಿಬುತ್ತಿಗೆಂದು ಇಟ್ಟುಕೊಂಡಿದ್ದೆ. ಹಲೀಮಾಗೆ ಕೊಟ್ಟೆ. ಪಾತ್ರೆ ಹೊಸದು ಕಳಿಸುತ್ತೇನೆ ಎಂದೆ. ಬೇಡ ಎಂದು ತಲೆಯಾಡಿಸಿದಳು. ಗೀರಿದ್ದರೆ ನೆನಪಿರುತ್ತದಂತೆ. ಕೊನೆಗೆ ಕಿಟಕಿಯಲ್ಲಿ ಬಗ್ಗಿ, ನೀನಿಲ್ಲದೆ ನಾನು ಬದುಕಲಾರೆ ಎಂದಳು. ಈ ಸಲ ನಾನು ಚಹಾ ಕೇಳಲಿಲ್ಲ.

ದಾರಿಯುದ್ದಕ್ಕೂ ಎಣ್ಣೆತಾಳೆ. ಒಂದೇ ಗಿಡವನ್ನು ಯಾರೋ ಸಾಲಾಗಿ ಮುಗಿಯದಂತೆ ನಿಲ್ಲಿಸಿದ್ದಾರೆ. ಅವುಗಳ ಗರಿಯ ಮೇಲೂ ಬೂದಿ, ಹೋಗುತ್ತ ಹೋಗುತ್ತ ಕಡಿಮೆಯಾಗಿ ಹಸಿರು ಕಂಡಿತು. ಅಳಿಯ ಮುಂದೆ, ನಾನು ಹಿಂದೆ. ಅವರು ಗಳಿಗೆಗೊಮ್ಮೆ ಫೋನು ನೋಡುತ್ತಿದ್ದರು, ದಾರಿಯಲ್ಲಿ ಸಿಗ್ನಲ್ಲೇ ಇರಲಿಲ್ಲ. ಒಂದು ಕಡೆ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಅಳಿಯನಿಗೆ ಸಮಾಧಾನ ಹೇಳುವುದು ಹೇಗೆಂದು ನಮ್ಮ ಹಿರಿಯರು ನನಗೆ ಕಲಿಸಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಅವರ ತಲೆಯ ಮೇಲಿಟ್ಟೆ. “ಆಕಿ ನನ್ನ ಮಗಳು, ಗಟ್ಟಿ ಅದಾಳ,” ಎಂದೆ. ನನ್ನ ಸೆರಗು ಯಾವಾಗಲೋ ಜಾರಿ ಹೋಗಿತ್ತು, ಇಬ್ಬರೂ ಗಮನಿಸಲಿಲ್ಲ.

ಮಧ್ಯಾಹ್ನ ಒಂದು ರಸ್ತೆಬದಿಯ ಅಂಗಡಿಯಲ್ಲಿ ಸಿಗ್ನಲ್ ಬಂತು. ರೊಹಾನಿಯ ಸಂದೇಶ. ಹೆಣ್ಣು. ತಾಯಿ, ಮಗು ಇಬ್ಬರೂ ಆರಾಮ. ಸುನಂದಾ ಬೇನೆ ತಿನ್ನುವಾಗ ‘ಅವ್ವಾ’ ಎಂದು ಕೂಗುತ್ತಿದ್ದಳಂತೆ. ರೊಹಾನಿಗೆ ಅರ್ಥ ಗೊತ್ತಿರಲಿಲ್ಲ, ಆದರೆ ಪ್ರತಿ ಸಲ ಕೂಗಿದಾಗಲೂ ‘ಹಾಂ’ ಎಂದು ಓಗೊಟ್ಟಳಂತೆ.

ಅಳಿಯ ಅತ್ತರು. ಸಮುದ್ರ ಅಂಗಡಿಯವನಿಗೆ ಹೇಳಿ ಎಲ್ಲರಿಗೂ ಸಿಹಿ ಚಹಾ ತರಿಸಿದ. ನಾನು ಚಹಾ ಕುಡಿದೆ. ಖುಷಿಯಾಗಿತ್ತು. ಹೊಟ್ಟೆಕಿಚ್ಚೂ ಆಗಿತ್ತು, ಯಾಕೆ ಮುಚ್ಚಿಡಲಿ. ನನ್ನನ್ನು ಕರೆದದ್ದಕ್ಕೆ ಬೇರೊಬ್ಬಳು ಓಗೊಟ್ಟಿದ್ದಳು.

ಸಂಜೆಯ ಹೊತ್ತಿಗೆ ಕಿನಾಬಾಲು ಬೆಟ್ಟ ಕಂಡಿತು, ಮೋಡದ ಮೇಲೆ ತಲೆಯೆತ್ತಿ. ಇದೂ ಬೆಂಕಿಯದೇ ಎಂದು ಕೇಳಿದೆ. ಅಲ್ಲ, ಇದು ಒಳ್ಳೆಯ ಬೆಟ್ಟ, ಸುಮ್ಮನೆ ನಿಂತಿರುತ್ತದೆ ಎಂದ ಸಮುದ್ರ.

ಮತ್ತೆ ಕ್ಲಾಂಗ್

ಮರುದಿನ ನಾವು ಮನೆ ಮುಟ್ಟುವಷ್ಟರಲ್ಲಿ ಆಸ್ಪತ್ರೆಯಿಂದ ಮಗಳೂ ಬಂದಾಗಿತ್ತು. ನಾನು ಮೊದಲು ನೋಡಿದ್ದು ಕೂಸನ್ನಲ್ಲ, ಮಗಳ ಹೊಟ್ಟೆ ಬಿಗಿದಿದ್ದ ಬಟ್ಟೆಯನ್ನು. ಚಪ್ಪಲಿ ಗೂಡಿನ ಮೇಲಿದ್ದ ಅದೇ ಉದ್ದನೆಯ ಬಟ್ಟೆ. ಪಕ್ಕೆಯಿಂದ ಪಕ್ಕೆಗೆ ಜಡೆ ಹೆಣೆದ ಹಾಗೆ ಗಂಟು. ತಪ್ಪು ಹುಡುಕಿದೆ. ಸಿಗಲಿಲ್ಲ. ನಾನು ಕಟ್ಟಿದ್ದರೆ ಎರಡು ಗಳಿಗೆಗೆ ಸಡಿಲಾಗುತ್ತಿತ್ತು.

“ಕೂಸಿಗೆ ಎರದ್ರ್ಯಾ?” ಎಂದು ಕೇಳಿದೆ.

“ಇಲ್ಲವ್ವಾ. ಆಸ್ಪತ್ರ್ಯಾಗ ಒರಸ್ಯಾರ ಅಷ್ಟ,” ಎಂದಳು ಸುನಂದಾ. “ಕಾಕ್ ರೊಹಾನಿ ನೀರ ಹಾಕಾಕ ಬಂದಿದ್ಲು. ಅವ್ವ ಬರೂತನಕ ಬ್ಯಾಡ ಅಂದೆ. ಹೂಂ ಅಂತ ಕುಂತಾಳ.”

ಬಚ್ಚಲಲ್ಲಿ ನೀರು ಕಾದಿತ್ತು. ರೊಹಾನಿ ಬಾಗಿಲ ಪಕ್ಕ ನಿಂತಿದ್ದಳು. ನಾನು ಮಣೆಯ ಮೇಲೆ ಕೂತು, ಸೀರೆ ಮೇಲೆತ್ತಿ ಕಾಲು ಚಾಚಿದೆ. ಅಳಿಯ ಕೂಸನ್ನು ತಂದು ಕಾಲ ಮೇಲೆ ಮಲಗಿಸಿದರು. ಬಟ್ಟೆ ಬಿಚ್ಚಿ, ಎಣ್ಣೆಗೆ ಕೈ ಅದ್ದಿ, ಎದೆಯ ಮೇಲೆ ಬೆರಳಿಟ್ಟೆ. ಕೂಸು ಕಿರ್ ಎಂದು ಚೀರಿತು. ಬೆರಳೆತ್ತಿ ನೋಡಿದರೆ ಬೆಣ್ಣೆಯಂಥ ಚರ್ಮದ ಮೇಲೆ ಒಂದು ಕೆಂಪು ಗೆರೆ. ನನ್ನ ಬೆರಳ ತುದಿ ಕಿತ್ತ ಚರ್ಮ ಒಣಗಿ, ಗರಗಸದ ಹಲ್ಲಿನ ಹಾಗೆ ಎದ್ದು ನಿಂತಿತ್ತು.

ಏಳು ವರ್ಷದಿಂದ ಕಾದ ಕೈ. ಅದನ್ನು ನಾನೇ ಮೀನಿನ ವಾಸನೆಗೆ ಹೆದರಿ ತಿಕ್ಕಿ ಹಾಳು ಮಾಡಿಕೊಂಡಿದ್ದೆ. ನೀರು ಆರುತ್ತಿತ್ತು.

ದೋಣಿಯಲ್ಲಿ ಹೊದ್ದ ಬಟ್ಟೆ ಹಾಸಿದ ಆ ಮೀನಿನವಳು ನೆನಪಾದಳು. ರೊಹಾನಿಯ ಕಡೆ ಹೆಬ್ಬೆರಳು ತೋರಿಸಿ, “ಬಾ ತಂಗಿ,” ಎಂದೆ. ಕನ್ನಡದಲ್ಲೇ ಎಂದೆ. ಅವಳು ಬಂದು ಎದುರಿಗೆ ಮಂಡಿಯೂರಿದಳು. ನನ್ನ ಕಾಲ ಮೇಲೆ ಕೂಸು, ಕೂಸಿನ ಮೇಲೆ ಅವಳ ಕೈ. ಎಣ್ಣೆ ಎಲ್ಲೆಲ್ಲಿ ತಿಕ್ಕಬೇಕು, ಮೂಗು ಹೇಗೆ ತೀಡಬೇಕು, ನೀರು ಯಾವ ಕಡೆಯಿಂದ ಹಾಕಬೇಕು ಎಂದು ನಾನು ಗದರುತ್ತಿದ್ದೆ. ಅವಳು ‘ಹಾಂ, ಹಾಂ’ ಎನ್ನುತ್ತ ತನಗೆ ತಿಳಿದ ಹಾಗೆ ಮಾಡುತ್ತಿದ್ದಳು. ಕೂಸು ಅಳಲಿಲ್ಲ. ಅರ್ಧ ನೀರಿಗೇ ನಿದ್ದೆ ಹೋಯಿತು.

ಎಂಟನೆಯ ದಿನಕ್ಕೆ ನನ್ನ ಕೈ ಮೆತ್ತಗಾಯಿತು. ರೊಹಾನಿಯನ್ನು ಬಾಗಿಲಲ್ಲಿ ಕೂರಿಸಿ, ನಾನೇ ನೀರು ಹಾಕಿದೆ. ಅವತ್ತು ಕೂಸು ಓಣಿಯೆಲ್ಲ ಕೇಳುವಂತೆ ಅತ್ತಿತು.